ಏಳನೇ ಬಿ ಸೆಕ್ಷನ್ನಿನ ಅಂಟಾಟ

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ ಅದು. ಏಳನೇ ಬಿ ಸೆಕ್ಷನ್ನಿನ ಮಕ್ಕಳನ್ನು ಜಮಖಾನದ ಮೇಲೆ ದುಂಡಗೆ ಕೂರಿಸಿಕೊಂಡು ಒಂದು ಸ್ಪಂಜಿನ ಚೆಂಡನ್ನು ಮೊದಲ ಹುಡುಗನ ಕೈಗೆ ಕೊಟ್ಟಿದ್ದೆ. ಸರಸ್ವತಿಪುರಂ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಆಪ್ತಸಮಾಲೋಚಕಿ. ಪ್ರತಿ ತರಗತಿಯಲ್ಲೂ ವಾರಕ್ಕೊಂದು ಪಿರಿಯಡ್ ನನ್ನದು. ವೇಳಾಪಟ್ಟಿಯಲ್ಲಿ ಅದರ ಹೆಸರು ‘ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ’, ಮಕ್ಕಳ ಬಾಯಲ್ಲಿ ‘ಫೀಲಿಂಗ್ಸ್ ಪಿರಿಯಡ್’. ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು. ಮಾತು ಮುಗಿದ ಮೇಲೆ ಚೆಂಡನ್ನು ಎಸೆಯಕೂಡದು, ಪಕ್ಕದವರ ಮುಖ ನೋಡಿ ಕೈಗೇ ಕೊಡಬೇಕು. ಇಷ್ಟೇ ನಿಯಮ.

ರಜೆಯಲ್ಲಿ ಖುಷಿ ಕೊಟ್ಟದ್ದು ಯಾವುದು, ಸಿಟ್ಟು ಬರಿಸಿದ್ದು ಯಾವುದು ಎಂದು ಕೇಳಿದ್ದೆ. ಒಬ್ಬ ಬೆಟ್ಟ ಹತ್ತಿದ್ದನ್ನು ಹೇಳಿದ, ಇನ್ನೊಬ್ಬಳು ದೀಪಾಲಂಕಾರದ ನೂಕುನುಗ್ಗಲಿನಲ್ಲಿ ತಮ್ಮ ಕಳೆದುಹೋಗಿ ಸಿಕ್ಕಿದ್ದನ್ನು ಹೇಳಿದಳು. ಚೆಂಡು ಒಬ್ಬ ಸಣ್ಣ ಮೈಕಟ್ಟಿನ ಹುಡುಗಿಯ ಕೈಗೆ ಬಂತು. ನಂಜನಗೂಡಿನ ಅತ್ತೆಯ ಮನೆಗೆ ಹೋಗಿದ್ದೆ ಎಂದಷ್ಟೇ ಹೇಳಿದಳು. ಆಮೇಲೆ ಅವಳು ಚೆಂಡನ್ನು ಪಕ್ಕದ ಹುಡುಗನ ಕೈಗೆ ಕೊಡಲಿಲ್ಲ. ಜಮಖಾನದ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡಳು. ಹುಡುಗ ಸ್ವೆಟರಿನ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡು ಅದನ್ನು ಎತ್ತಿಕೊಂಡ. ಅವನ ಪಕ್ಕದವಳು ಕರ್ಚೀಫಿನಲ್ಲಿ ತೆಗೆದುಕೊಂಡಳು. ಅದರಾಚೆಯವನು ಎರಡೇ ಬೆರಳಲ್ಲಿ. ಇನ್ನೂ ಕೆಲವರನ್ನು ದಾಟಿದ ಮೇಲೆ ಚೆಂಡು ಮತ್ತೆ ಮಾಮೂಲಿ ಚೆಂಡಾಗಿ ಕೈಯಿಂದ ಕೈಗೆ ಹೋಗತೊಡಗಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ತುಂಟತನ ಎಂದುಕೊಳ್ಳುತ್ತಿದ್ದೆನೇನೋ. ನಗದೆ, ಒಬ್ಬರ ಮುಖ ಒಬ್ಬರು ನೋಡದೆ, ಊಟದ ಮುಂಚೆ ಕೈ ತೊಳೆಯುವಷ್ಟು ಸಹಜವಾಗಿ ಅದನ್ನು ಮಾಡಿ ಮುಗಿಸಿದ್ದರು. ಅವಳೂ ಅಷ್ಟೇ ಸಹಜವಾಗಿ ಅವರಿಗೆ ಅನುಕೂಲ ಮಾಡಿಕೊಟ್ಟಿದ್ದಳು.

ಇಂಥದ್ದನ್ನು ಕಂಡ ತಕ್ಷಣ ಮಗುವನ್ನು ಕರೆದು ಕೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಮೊದಲು ದೂರದಿಂದ ನೋಡಬೇಕು. ಹಾಗಾಗಿ ಊಟದ ಬಿಡುವಿನಲ್ಲಿ ಮೇಲಿನ ಮಹಡಿಯ ಕಾರಿಡಾರಿನಲ್ಲಿ ಡಬ್ಬಿ ಹಿಡಿದು ನಿಂತುಕೊಳ್ಳಲು ಶುರುಮಾಡಿದೆ. ಕೆಲವೇ ದಿನಗಳಲ್ಲಿ ಆಟದ ನಿಯಮವೆಲ್ಲ ತಿಳಿಯಿತು. ಅದರ ಹೆಸರು ‘ಅಂಟು’. ಆ ಹುಡುಗಿಗೆ, ಅವಳ ಬ್ಯಾಗಿಗೆ, ಅವಳು ಕೂತೆದ್ದ ಬೆಂಚಿಗೆ ಯಾರ ಮೈ ತಾಗಿದರೂ ಅವರಿಗೆ ಅಂಟು ಬಂತು. ಅವರು ಅದನ್ನು ಓಡಿಹೋಗಿ ಇನ್ನೊಬ್ಬರಿಗೆ ಒರೆಸಬೇಕು, ಅವರು ಮತ್ತೊಬ್ಬರಿಗೆ. ಬೆಲ್ ಹೊಡೆದಾಗ ಅಂಟು ಯಾರಲ್ಲಿ ಉಳಿಯಿತೋ ಅವರು ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬರಬೇಕು. ಹಾಗಾಗಿಯೇ ಏಳನೇ ಬಿಯ ಯಾರಾದರೊಬ್ಬರು ಊಟದ ನಂತರದ ಪಿರಿಯಡ್ಡಿಗೆ ಯಾವಾಗಲೂ ತಡವಾಗಿ ಬರುತ್ತಿದ್ದುದು. ಗಣಿತದ ಮೇಷ್ಟ್ರು ಅದಕ್ಕೆ ಅವರನ್ನು ಬೈಯುತ್ತಲೂ ಇದ್ದರು. ಯಾಕೆ ತಡ ಎಂದು ಕೇಳಿರಲಿಲ್ಲ.

ಮಕ್ಕಳ ಆಟಕ್ಕಿಂತ ನೋಡಲಾಗದಂತಿದ್ದದ್ದು ಆ ಹುಡುಗಿ ಅದಕ್ಕೆ ಹೊಂದಿಕೊಂಡಿದ್ದ ರೀತಿ. ಅವಳು ಎಲ್ಲರಿಗಿಂತ ಮೊದಲು ತರಗತಿಗೆ ಬಂದು ಮೂಲೆಯಲ್ಲಿ ಕೂತುಬಿಡುತ್ತಿದ್ದಳು, ಬಾಗಿಲಲ್ಲಿ ಯಾರಿಗೂ ತಾಗಬಾರದೆಂದು. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ನೀರಿನ ಫಿಲ್ಟರಿನ ಹತ್ತಿರ ಹೋಗುವುದೇ ಇಲ್ಲ, ಮನೆಯಿಂದಲೇ ದೊಡ್ಡ ಬಾಟಲಿ. ನೋಟ್ಸ್ ತಿದ್ದಲು ಕೊಡುವಾಗ ಎಲ್ಲರದೂ ಮುಗಿಯುವವರೆಗೆ ಕಾದು ಕೊನೆಯಲ್ಲಿ ತನ್ನದನ್ನು ಮೇಲಿಡುತ್ತಿದ್ದಳು. ಹನ್ನೆರಡು ವರ್ಷದ ಮಗು, ಉಳಿದವರಿಗೆ ತೊಂದರೆಯಾಗದಂತೆ ತನ್ನ ಮೈಯನ್ನು ಸಾಗಿಸಿಕೊಂಡು ಓಡಾಡುವುದನ್ನು ಕಲಿತಿತ್ತು.

ಒಂದು ಮಧ್ಯಾಹ್ನ ಅವಳನ್ನು ನನ್ನ ಕೋಣೆಗೆ ಕರೆದೆ. ಹಿಂದೆ ಅದು ಆಟದ ಸಾಮಾನು ಇಡುವ ಜಾಗ, ಈಗಲೂ ರಬ್ಬರಿನ ವಾಸನೆ. ಇಲ್ಲಿ ಹೇಳಿದ್ದನ್ನು ನಿನ್ನನ್ನು ಕೇಳದೆ ಯಾರಿಗೂ ಹೇಳುವುದಿಲ್ಲ, ನಿನಗೆ ಅಪಾಯವಿದೆ ಅನಿಸಿದರೆ ಮಾತ್ರ ಹೇಳಬೇಕಾಗುತ್ತದೆ, ಆಗಲೂ ಮೊದಲು ನಿನಗೆ ತಿಳಿಸುತ್ತೇನೆ ಎಂದು ಎಲ್ಲ ಮಕ್ಕಳಿಗೂ ಹೇಳುವಂತೆ ಹೇಳಿದೆ. ಅವಳು ತಲೆಯಾಡಿಸಿದಳು. ಸಿಟ್ಟು, ಭಯ, ನಾಚಿಕೆ, ಹೇಸಿಗೆ, ಖುಷಿ ಹೀಗೆ ಒಂದೊಂದು ಮುಖ ಬರೆದ ಕಾರ್ಡುಗಳನ್ನು ಮುಂದೆ ಹರಡಿದೆ. ಯಾವುದನ್ನೂ ಮುಟ್ಟಲಿಲ್ಲ.

“ಏನಿಲ್ಲ ಮ್ಯಾಮ್. ಆಟ ಆಡ್ತಾರೆ ಅಷ್ಟೇ” ಎಂದಳು. ಆಮೇಲೆ, “ನಮ್ಮಪ್ಪನಿಗೆ ಹೇಳ್ತೀರಾ?” ಎಂದಳು.

ಅವಳ ಅಪ್ಪ ಆಸ್ಪತ್ರೆಯೊಂದರಲ್ಲಿ ಶವ ಸಾಗಿಸುವ ವ್ಯಾನಿನ ಡ್ರೈವರ್. ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಬೆಟ್ಟದ ತಪ್ಪಲಿನ ಸ್ಮಶಾನಕ್ಕೆ. ಹಿಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಶಾಲೆಯ ಆಟೊ ಬರಲಿಲ್ಲವೆಂದು ಅಪ್ಪ ಅದೇ ವ್ಯಾನಿನಲ್ಲಿ ಗೇಟಿನವರೆಗೆ ಬಿಟ್ಟುಹೋಗಿದ್ದರಂತೆ. ಇಷ್ಟೇ ಹೇಳಿದಳು. ನನಗೆ ಅಷ್ಟು ಸಾಕಾಯಿತು. ಮಕ್ಕಳಿಗೆ ಹೆಣದ ಗಾಡಿಯ ಭಯ, ಆ ಭಯವೇ ಆಟವಾಗಿದೆ ಎಂದುಕೊಂಡೆ. ಭಯವನ್ನು ಹೇಗೆ ಬಿಡಿಸಬೇಕೆಂದು ನನಗೆ ಗೊತ್ತಿತ್ತು.

ಅವಳ ಒಪ್ಪಿಗೆ ಪಡೆದು ಕ್ಲಾಸ್ ಟೀಚರಿಗೆ ವಿಷಯ ತಿಳಿಸಿದೆ. ಒಳ್ಳೆಯ ಹೆಣ್ಣುಮಗಳು, ಕಣ್ಣಲ್ಲಿ ನೀರು ಹಾಕಿಕೊಂಡರು. ಮರುದಿನವೇ ಹುಡುಗಿಯನ್ನು ಮುಂದಿನ ಸಾಲಿಗೆ ತಂದು ತಮ್ಮ ಮೇಜಿನ ಪಕ್ಕದಲ್ಲಿ ಒಂಟಿ ಕುರ್ಚಿ ಹಾಕಿ ಕೂರಿಸಿದರು, ಯಾರೂ ತೊಂದರೆ ಕೊಡದಿರಲಿ ಎಂದು. ಹೋಗಿ ನೋಡಿದಾಗ ಎಲ್ಲ ಬೆಂಚುಗಳೂ ಒಂದು ಕಡೆ, ಇವಳ ಕುರ್ಚಿ ಒಂದು ಕಡೆ. ಮಕ್ಕಳು ಇಷ್ಟು ದಿನ ಆಟದಲ್ಲಿ ಮಾಡುತ್ತಿದ್ದುದನ್ನು ಈಗ ಶಾಲೆಯೇ ಮಾಡಿಕೊಟ್ಟಿತ್ತು. ಕುರ್ಚಿ ತೆಗೆಸುವುದಕ್ಕೇ ಒಂದು ವಾರ ವಾದ ಮಾಡಬೇಕಾಯಿತು.

ನಾನು ಪಾಠ ಶುರುಮಾಡಿದೆ. ಸಾವಿನ ಬಗ್ಗೆ ಮಾತಾಡಿದೆ, ಅವರವರ ಮನೆಯಲ್ಲಿ ತೀರಿಕೊಂಡವರ ಬಗ್ಗೆ ಕೇಳಿದೆ. ಯಾರ ಹೆಸರೂ ಎತ್ತದೆ, ಗುಂಪಿನಿಂದ ಹೊರಗುಳಿದವರಿಗೆ ಹೇಗನಿಸುತ್ತದೆ ಎಂಬ ಅಭ್ಯಾಸ ಮಾಡಿಸಿದೆ. ಮಕ್ಕಳು ಅದ್ಭುತವಾಗಿ ಉತ್ತರ ಕೊಟ್ಟರು. ಎಲ್ಲರೂ ಸಮಾನರು, ಬೇರೆಯವರ ಜಾಗದಲ್ಲಿ ನಿಂತು ನೋಡಬೇಕು, ಎಲ್ಲವನ್ನೂ ಚಾರ್ಟಿನಲ್ಲಿ ಬಣ್ಣಬಣ್ಣವಾಗಿ ಬರೆದು ಗೋಡೆಗೆ ಅಂಟಿಸಿದರು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದು ತರಗತಿಯ ಲೀಡರ್. ಓದಿನಲ್ಲಿ ಮೊದಲು, ವೀಣೆ ಕಲಿಯುತ್ತಿದ್ದಳು, ತಲೆಮಾರುಗಳಿಂದ ವಿದ್ಯೆಯ ಮನೆತನ, ಮುತ್ತಜ್ಜ ಅರಮನೆಯಲ್ಲಿ ಕೆಲಸದಲ್ಲಿದ್ದವರಂತೆ. ಚರ್ಚಾಸ್ಪರ್ಧೆಯಲ್ಲಿ ಮಾತಾಡುವ ಹಾಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದಳು. ಅವತ್ತು ಊಟದ ಬಿಡುವು ಮುಗಿದ ಬೆಲ್ ಹೊಡೆದಾಗ ನಲ್ಲಿಯ ಹತ್ತಿರ ಮೊಣಕೈವರೆಗೆ ತೊಳೆದುಕೊಳ್ಳುತ್ತ ನಿಂತವಳೂ ಅವಳೇ.

ನಾನು ಹತ್ತಿರ ಹೋಗಿ, ಏನಮ್ಮ ಇದು ಎಂದು ಕೇಳಿದೆ. ಗಾಬರಿಯಾಗಲಿಲ್ಲ. ಕರ್ಚೀಫಿನಲ್ಲಿ ಕೈ ಒರೆಸಿಕೊಂಡು, ನನ್ನ ಮುಖವನ್ನೇ ನೋಡುತ್ತ ಹೇಳಿದಳು:

“ಮ್ಯಾಮ್, ನನಗೆ ಅವಳ ಬಗ್ಗೆ ತುಂಬಾ ಎಂಪತಿ ಇದೆ. ಆದ್ರೆ ಅವಳನ್ನ ಮುಟ್ಟೋದು ನನಗೆ ಕಂಫರ್ಟಬಲ್ ಅಲ್ಲ. ಅದು ನನ್ನ ಬೌಂಡರಿ. ಬೌಂಡರಿ ರೆಸ್ಪೆಕ್ಟ್ ಮಾಡ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ?”

ಹೇಳಿಕೊಟ್ಟಿದ್ದೆ. ಜುಲೈನಲ್ಲಿ ‘ನನ್ನ ಗೆರೆ’ ಎಂಬ ಪಾಠ. ಪ್ರತಿ ಮಗುವಿನ ಸುತ್ತ ಚಾಕ್‌ಪೀಸಿನಲ್ಲಿ ಒಂದು ವೃತ್ತ ಎಳೆದು, ಇದರೊಳಗೆ ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಬರಬಾರದು ಎಂದು ಆಡಿಸಿದ್ದೆ. ಕೆಟ್ಟ ಉದ್ದೇಶದಿಂದ ಮುಟ್ಟುವವರಿಂದ ಮಕ್ಕಳು ತಮ್ಮನ್ನು ಕಾಪಾಡಿಕೊಳ್ಳಲಿ ಎಂದು ಇಟ್ಟ ಪಾಠ. ಅದನ್ನೀಗ ಈ ಮಗು ಮಡಿಬಟ್ಟೆಯಂತೆ ಉಟ್ಟುಕೊಂಡು ನನ್ನೆದುರು ನಿಂತಿತ್ತು. ನಾನು ಕಲಿಸಿದ ಒಂದೊಂದು ಪದವೂ ಒಂದು ಹಳೆಯ ಕೊಳಕಿಗೆ ಹೊಸ ಸೋಪಾಗಿತ್ತು. ಕರ್ಚೀಫು ಮಡಚಿಕೊಂಡು ಅವಳು ತರಗತಿಗೆ ಹೋದಳು.

ಪ್ರಿನ್ಸಿಪಾಲರ ಬಳಿ ಹೋದೆ. ನೋಡಿದ್ದನ್ನೆಲ್ಲ ಹೇಳಿದೆ. ಮೇಡಂ ಪೂರ್ತಿ ಕೇಳಿಸಿಕೊಂಡು, ಇದನ್ನು ದೊಡ್ಡದು ಮಾಡುವುದು ಬೇಡ, ಹೆಣದ ಗಾಡಿ ಎಂದರೆ ನಮಗೇ ಒಂಥರಾ ಆಗುತ್ತದೆ, ಮಕ್ಕಳಿಗೆ ಆಗದೇ ಇರುತ್ತದೆಯೇ ಎಂದರು. ಆದರೂ ಏನಾದರೂ ಮಾಡೋಣ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಯವರಿಗೆ ಫೋನು ಮಾಡಿದರು. ಅದೇ ತಿಂಗಳು ಹೊರಗಿನಿಂದ ಒಂದು ತಂಡ ಬರುವುದಿತ್ತು, ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಒತ್ತು ಕೊಡುವ ಮಾದರಿ ಶಾಲೆಗಳನ್ನು ಆರಿಸುವುದಕ್ಕೆ. ಕಾರ್ಯದರ್ಶಿಗಳು ಫೋನಿನಲ್ಲೇ ಪರಿಹಾರ ಹೇಳಿದರು. ಒಂದು ‘ಅಪ್ಪುಗೆಯ ದಿನ’ ಮಾಡೋಣ. ತಂಡದವರ ಮುಂದೆ ಸ್ಟೇಜಿನ ಮೇಲೆ ಏಳನೇ ಬಿ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದು ಆ ಹುಡುಗಿಯನ್ನು ಅಪ್ಪಿಕೊಳ್ಳಲಿ, ವಿಡಿಯೊ ಮಾಡಿ ಶಾಲೆಯ ಪೇಜಿಗೆ ಹಾಕೋಣ. ಸಮಸ್ಯೆಯೂ ಮುಗಿಯಿತು, ಕಾರ್ಯಕ್ರಮವೂ ಆಯಿತು.

ನಾನು ಬೇಡವೆಂದೆ. ಹೀಗೆ ಮಾಡಿದರೆ ಆ ಮಗುವಿನ ನೋವು ಊರಿಗೆಲ್ಲ ಪ್ರದರ್ಶನವಾಗುತ್ತದೆ ಎಂದೆ. ಪ್ರಿನ್ಸಿಪಾಲರು, ಅವಳನ್ನೇ ಕರೆದು ಕೇಳಿದ್ದೇನೆ, ಒಪ್ಪಿದ್ದಾಳೆ ಎಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ನಿಲ್ಲಿಸಿ ಕೇಳಿದರೆ ಯಾವ ಮಗು ಒಪ್ಪುವುದಿಲ್ಲ? ಅವಳಿಗೊಂದು ಸಾಲು ಬಾಯಿಪಾಠ ಕೂಡ ಮಾಡಿಸಿದ್ದರು. “ನನ್ನ ಸ್ನೇಹಿತರೇ ನನ್ನ ಶಕ್ತಿ.”

ರಿಹರ್ಸಲ್ ಆಡಿಟೋರಿಯಂನಲ್ಲಿ. ನಾನು ತಡವಾಗಿ ಹೋದೆ, ಹೋಗಲೇಬಾರದೆಂದುಕೊಂಡವಳು ಮನಸ್ಸು ತಡೆಯದೆ ಹೋದೆ. ಸ್ಪೀಕರಿನಲ್ಲಿ ಯಾವುದೋ ಮೆಲುವಾದ ಸಂಗೀತ. ಹುಡುಗಿ ಸ್ಟೇಜಿನ ನಡುವೆ ಕೈ ಜೋತುಬಿಟ್ಟು ನಿಂತಿದ್ದಳು. ಮಕ್ಕಳು ಎಡಗಡೆಯಿಂದ ಬಂದು ಭುಜಕ್ಕೆ ಭುಜ ತಾಗಿಸಿ, ನಕ್ಕು, ಬಲಗಡೆಯ ಪರದೆಯ ಹಿಂದೆ ಹೋಗುತ್ತಿದ್ದರು. ಲೀಡರ್ ಹುಡುಗಿಯ ನಗು ಎಲ್ಲರಿಗಿಂತ ಚೆಂದವಿತ್ತು. ನಾನು ಪಕ್ಕದ ಮೆಟ್ಟಿಲು ಹತ್ತಿ ಪರದೆಯ ಹಿಂದಕ್ಕೆ ಹೋದೆ.

ಅಲ್ಲಿ ಒಂದು ಸ್ಟೂಲಿನ ಪಕ್ಕ ಡ್ಯಾನ್ಸ್ ಟೀಚರ್ ಸ್ಯಾನಿಟೈಸರ್ ಬಾಟಲಿ ಹಿಡಿದು ನಿಂತಿದ್ದರು. ಬಂದ ಮಕ್ಕಳು ಸಾಲಾಗಿ ಅಂಗೈ ಚಾಚುತ್ತಿದ್ದರು, ಅವರು ಒತ್ತಿ ಒತ್ತಿ ಹಾಕುತ್ತಿದ್ದರು. ಕೆಟ್ಟ ಮುಖ ಮಾಡಿಕೊಂಡೇನೂ ಅಲ್ಲ, ಪ್ರಸಾದ ಹಂಚುವವರ ಹಾಗೆ, ಬೇಗ ಬೇಗ ಬನ್ನಿ ಎನ್ನುತ್ತ. ಕೊನೆಯವನು ಮುಗಿದ ಮೇಲೆ ಆ ಹುಡುಗಿಯೂ ಬಂದಳು. ಎಲ್ಲರೂ ಹಾಕಿಸಿಕೊಳ್ಳುವುದನ್ನು ನೋಡಿ ಅವಳೂ ಕೈ ಚಾಚಿದಳು. ಟೀಚರ್ ಬಾಟಲಿಯನ್ನು ಸ್ಟೂಲಿನ ಮೇಲಿಟ್ಟು, “ತಗೋ ಪುಟ್ಟ, ನೀನೇ ಹಾಕ್ಕೊ” ಎಂದು ಒಂದು ಹೆಜ್ಜೆ ಹಿಂದೆ ಸರಿದರು.

ಟೀಚರಿಗೆ ತಾನೇನು ಮಾಡಿದೆನೆಂದು ಗೊತ್ತೇ ಇರಲಿಲ್ಲ, ಈಗಲೂ ಗೊತ್ತಿರಲಿಕ್ಕಿಲ್ಲ. ಹುಡುಗಿಗೆ ಗೊತ್ತಿತ್ತು. ಅವಳು ಬಾಟಲಿಯನ್ನು ನೋಡಿದಳು, ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿದಳು.

ರಿಹರ್ಸಲ್ ಇಲ್ಲಿಗೆ ಸಾಕು ಎಂದೆ. ಡ್ಯಾನ್ಸ್ ಟೀಚರ್ ಇನ್ನೊಂದು ಸಲ ಮಾಡಿಸಬೇಕು ಎಂದರು. ನಾನು ಹುಡುಗಿಯನ್ನು ಕರೆದುಕೊಂಡು ಕೋಣೆಗೆ ಬಂದೆ. ಈ ಸಲ ಕಾರ್ಡು ಹರಡಲಿಲ್ಲ. ಹೇಗನಿಸುತ್ತಿದೆ ಎಂದು ಕೇಳುವ ಧೈರ್ಯವೂ ಇರಲಿಲ್ಲ. ನಿನಗೆ ಏನಾಗಬೇಕು ಎಂದು ಕೇಳಿದೆ.

“ನನ್ನನ್ನ ಯಾರೂ ತಬ್ಕೊಳ್ಳೋದು ಬೇಡ ಮ್ಯಾಮ್” ಎಂದಳು. “ಆಟ ನಿಲ್ಲಿಸ್ಲಿ, ಸಾಕು.”

ಅಪ್ಪನಿಗೆ ಹೇಳದೆ ಇದನ್ನು ನಿಲ್ಲಿಸಲು ನನ್ನಿಂದಾಗುವುದಿಲ್ಲ ಎಂದು ಒಪ್ಪಿಕೊಂಡೆ. ಹಾಗಾದರೆ ನಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿರಬೇಕು ಎಂದಳು.

ಮರುದಿನ ಅಪ್ಪ ಬಂದರು. ಡ್ಯೂಟಿ ಮುಗಿಸಿ ಮನೆಗೆ ಹೋಗಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮಗಳು ಹೇಳುತ್ತಾ ಹೋದಳು, ಚೆಂಡು, ಬೆಂಚು, ನಲ್ಲಿ, ಸ್ಟೇಜು, ಬಾಟಲಿ. ಅವರು ಅವಳ ಮುಖ ನೋಡದೆ ತಮ್ಮ ಕೈಗಳನ್ನೇ ನೋಡಿಕೊಂಡು ಕೇಳಿದರು. ಮುಗಿದ ಮೇಲೆ ಹೇಳಿದರು:

“ಅವತ್ತು ಗಾಡಿ ತೊಳ್ಕೊಂಡೇ ಬಂದಿದ್ದೆ ಕಣವ್ವ. ಡೆಟಾಲ್ ಹಾಕಿ ತೊಳ್ದಿದ್ದೆ.”

“ಗಾಡಿ ಅಲ್ಲ ಕಣಪ್ಪ” ಎಂದಳು ಮಗಳು. “ಗಾಡಿಗಿಂತ ಮುಂಚೆನೇ ಇತ್ತು.”

ಆಮೇಲೆ ಹೇಳಿದಳು. ಆರನೇ ತರಗತಿಗೆ ಹೊಸದಾಗಿ ಸೇರಿದಾಗ ಮನೆ ಎಲ್ಲಿ ಎಂದು ಕೇಳಿದ್ದರು. ಅಶೋಕಪುರಂ ಎಂದಿದ್ದಳು. ದಲಿತ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ, ಓದಿ ದೊಡ್ಡ ಹುದ್ದೆಗಳಿಗೆ ಹೋದವರಿರುವ ಬಡಾವಣೆ ಅದು. ಮಕ್ಕಳಿಗೆ ಅದೇನೂ ತಿಳಿದಿರಲಿಲ್ಲ. ಮನೆಯಲ್ಲಿ ಯಾವ ದೇವರು ಎಂದು ಕೇಳಿದ್ದರು. ಬುದ್ಧ ಎಂದಿದ್ದಳು. ಅವತ್ತು ಸಂಜೆ ಮಕ್ಕಳು ಅವೆರಡು ಮಾತನ್ನೂ ತಮ್ಮ ಮನೆಗಳಿಗೆ ಒಯ್ದಿದ್ದರು. ಮರುದಿನ ಬಂದಾಗ ಅವರಿಗೆ ಎಲ್ಲ ತಿಳಿದಿತ್ತು. ವ್ಯಾನು ಬಂದದ್ದು ಆಮೇಲೆ. ವ್ಯಾನಿನಿಂದ ಅವರಿಗೆ ಅನುಕೂಲವಾಯಿತು, ಬಾಯಿಬಿಟ್ಟು ಹೇಳಬಹುದಾದ ಒಂದು ಕಾರಣ ಸಿಕ್ಕಿತು.

ಆ ಕಾರಣವನ್ನು ನಾನೂ ಎರಡು ಮಾತಿಲ್ಲದೆ ನಂಬಿ ಪಾಠ ಮಾಡಿದ್ದೆ. ಸಾವಿನ ಭಯದ ಬಗ್ಗೆ.

ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ತಿರುಗಿದಾಗ ದನಿ ಗಟ್ಟಿಯಾಗಿತ್ತು. “ದೊಡ್ಡೋರನ್ನ ಕರೀರಿ ಮೇಡಂ. ನಾನು ಮಾತಾಡ್ಬೇಕು.”

ಹೇಳಿ ಕಳಿಸಿದೆ. ಅಪ್ಪ ಇನ್ನೂ ನನ್ನ ಕೋಣೆಯಲ್ಲಿರುವಾಗಲೇ ಪ್ರಿನ್ಸಿಪಾಲರು ಬಂದು ನನ್ನನ್ನು ಹೊರಗೆ ಕರೆದರು. ನೀವು ಈ ವಿಷಯದಲ್ಲಿ ತಜ್ಞರು, ಈ ವಯಸ್ಸಿನ ಮಕ್ಕಳಲ್ಲಿ ಇಂಥ ಆಟ ಮಾಮೂಲು, ಹಿಂದೆ ಬೇರೆ ಅರ್ಥವಿಲ್ಲ ಎಂದು ನೀವೊಂದು ಮಾತು ಹೇಳಿದರೆ ಅವರು ಕೇಳುತ್ತಾರೆ ಎಂದರು. ಮುಂದಿನ ವರ್ಷದ ನನ್ನ ನೇಮಕದ ಮಾತನ್ನೂ ಅದೇ ಉಸಿರಿನಲ್ಲಿ ಎತ್ತಿದರು. ನನ್ನ ಮನೆಯೂ ಈ ಸಂಬಳದಿಂದಲೇ ನಡೆಯುತ್ತದೆ. ಆ ಕಾರಿಡಾರಿನಲ್ಲಿ ನಡೆದು ಹೋಗುವಾಗ ಒಮ್ಮೆ ಅದೂ ಮನಸ್ಸಿಗೆ ಬಂತು ಎಂದು ಹೇಳಬೇಕು. ಆದರೆ ಸ್ಟೂಲಿನ ಮೇಲಿನ ಬಾಟಲಿ ಕಣ್ಣಿಂದ ಹೋಗಿರಲಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತದ್ದು ಕಾರ್ಯದರ್ಶಿಗಳು, ಪ್ರಿನ್ಸಿಪಾಲರು, ಅಪ್ಪ, ನಾನು. ಹುಡುಗಿಯನ್ನು ಲೈಬ್ರರಿಯಲ್ಲಿ ಕೂರಿಸಿದ್ದೆ. ಕಾರ್ಯದರ್ಶಿಗಳು ಬಹಳ ನಯವಾಗಿ ಮಾತಾಡಿದರು. ಮಕ್ಕಳು ದೇವರ ಸಮಾನ ಎಂದರು. ಬೇಕಿದ್ದರೆ ಇವತ್ತೇ ಎ ಸೆಕ್ಷನ್ನಿಗೆ ಬದಲಾಯಿಸುತ್ತೇವೆ ಎಂದರು.

“ನನ್ನ ಮಗಳು ಯಾಕ್ ಸಾರ್ ಸೆಕ್ಷನ್ ಬದಲಾಯಿಸ್ಬೇಕು?” ಎಂದರು ಅಪ್ಪ. “ತಪ್ಪು ಮಾಡ್ದೋರು ಕೂತಿರ್ತಾರೆ, ಇವಳು ಎದ್ದೋಗ್ಬೇಕಾ?”

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. ನಮ್ಮ ಕೌನ್ಸೆಲರ್ ಹೇಳುತ್ತಾರೆ ಎಂದರು.

ನಾನು ನೋಡಿದ್ದನ್ನು ಮೊದಲಿನಿಂದ ಹೇಳಿದೆ. ಎಲ್ಲೂ ದನಿ ಏರಿಸಲಿಲ್ಲ. ಒಂಟಿ ಕುರ್ಚಿಯನ್ನು ಹೇಳಿದೆ, ಪರದೆಯ ಹಿಂದಿನ ಬಾಟಲಿಯನ್ನು ಹೇಳಿದೆ, ಹಾಕಿದವರು ಮಕ್ಕಳಲ್ಲ, ಟೀಚರ್ ಎಂದು ಹೇಳಿದೆ. ಕೊನೆಗೆ, “ಇದಕ್ಕೆ ಅಸ್ಪೃಶ್ಯತೆ ಅಂತಾರೆ. ಕಾನೂನಲ್ಲೂ ಅದೇ ಹೆಸರು” ಎಂದೆ. ಆ ಪದ ಬಿದ್ದ ಕೂಡಲೇ ಕಾರ್ಯದರ್ಶಿಗಳು ಮುಖ ಕಿವಿಚಿಕೊಂಡರು, ಮೇಜಿನ ಮೇಲೆ ಯಾರೋ ಗಲೀಜು ಸುರಿದ ಹಾಗೆ. ಅಷ್ಟು ಹೊತ್ತು ಆ ಮಗುವಿನ ಕಥೆ ಕೇಳಿ ಬಾರದ ಹೇಸಿಗೆ, ಪದ ಕೇಳಿ ಬಂದಿತ್ತು.

ಅಪ್ಪ ಲಿಖಿತವಾಗಿ ದೂರು ಕೊಟ್ಟರು. ಸ್ಟೇಜು ಬೇಡ, ವಿಡಿಯೊ ಬೇಡ, ಸೆಕ್ಷನ್ ಬದಲಾವಣೆ ಬೇಡ, ಆಟ ನಿಲ್ಲಬೇಕು, ನಿಲ್ಲದಿದ್ದರೆ ಇಲಾಖೆಗೆ, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ. ನಾನು ನೋಡಿದ್ದಕ್ಕೆ ಸಾಕ್ಷಿ ಎಂದು ಸಹಿ ಹಾಕಿದೆ. ಶಾಲೆ ತಿದ್ದಿಕೊಳ್ಳದಿದ್ದರೂ ಹೆದರಿತು. ಅಪ್ಪುಗೆಯ ದಿನ ರದ್ದಾಯಿತು. ಹೆದರಿಕೆಯಿಂದ ಸಿಕ್ಕ ಅವಕಾಶವನ್ನೇ ಬಳಸಿಕೊಂಡೆ.

ಮೊದಲು ಟೀಚರುಗಳ ಜೊತೆ ಕೂತೆ. ಅದು ಎಲ್ಲಕ್ಕಿಂತ ಅಸಹ್ಯವಾದ ಮಧ್ಯಾಹ್ನ. ನಾವು ಯಾರ ಜಾತಿಯನ್ನೂ ಕೇಳಿಲ್ಲ ಎಂದು ಹೇಳಿದವರೇ ಪ್ರತಿ ತರಗತಿಯಲ್ಲಿ ಯಾವ ಮಗು ಯಾವ ಜಾತಿ ಎಂದು ಬಲ್ಲವರಾಗಿದ್ದರು. ಡ್ಯಾನ್ಸ್ ಟೀಚರ್ ನನ್ನೊಡನೆ ಮಾತು ಬಿಟ್ಟರು. ಕ್ಲಾಸ್ ಟೀಚರ್ ಮಾತ್ರ ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ನಾನು ಹೇಳದೆಯೇ ದಿನವೂ ಬಂದು ನಿಲ್ಲತೊಡಗಿದರು.

ಆಮೇಲೆ ಏಳನೇ ಬಿ. ಜಮಖಾನ ಹಾಸಲಿಲ್ಲ, ದುಂಡಗೆ ಕೂರಿಸಲಿಲ್ಲ. ಬೆಂಚುಗಳಲ್ಲೇ ಕೂರಿಸಿ, ಈ ಆಟದ ನಿಜವಾದ ಹೆಸರೇನೆಂದು ಹೇಳಿದೆ, ಇನ್ನು ಮುಂದೆ ಆಡಿದರೆ ಏನಾಗುತ್ತದೆಂದು ಹೇಳಿದೆ. ನಂತರ ಒಬ್ಬೊಬ್ಬರನ್ನೇ ಕೋಣೆಗೆ ಕರೆದೆ. ಇಷ್ಟು ವರ್ಷ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ಪೂರ್ತಿ ಕೈಬಿಟ್ಟಿದ್ದೆ. ಏನನಿಸಿತು ಎಂದು ಯಾರನ್ನೂ ಕೇಳಲಿಲ್ಲ. ಏನು ಮಾಡಿದೆ, ಯಾರು ನೋಡಿದರು, ನಾಳೆ ಬೆಳಿಗ್ಗೆ ಏನು ಮಾಡುತ್ತೀಯ, ಇಷ್ಟೇ. ಅನಿಸಿಕೆಯ ಪದಗಳು ಅವರ ಬಾಯಲ್ಲಿ ಧಾರಾಳವಾಗಿದ್ದವು. ಮಾಡಿದ್ದನ್ನು ಹೇಳಬೇಕಾದಾಗ ನಾಲಿಗೆ ತೊಡರಿತು.

ಲೀಡರ್ ಬಂದು ಕೂತ ಕೂಡಲೇ ತನಗೆ ಗಿಲ್ಟ್ ಆಗುತ್ತಿದೆ ಎಂದಳು. ಅದನ್ನು ಆಮೇಲೆ ನೋಡೋಣ, ಮಾಡಿದ್ದನ್ನು ಹೇಳು ಎಂದೆ. ಅತ್ತಳು. ಆ ಕಣ್ಣೀರನ್ನು ನೋಡಿ ನನಗೆ ಕನಿಕರ ಬರಲಿಲ್ಲ, ಅಸಹ್ಯವೇ ಬಂತು, ಮತ್ತು ಹನ್ನೆರಡರ ಮಗುವಿನ ಬಗ್ಗೆ ಹಾಗೆ ಅನಿಸಿದ್ದನ್ನು ಪಕ್ಕಕ್ಕಿಟ್ಟು ಸುಮ್ಮನೆ ಕಾಯುವುದು ಆವತ್ತಿನ ನನ್ನ ಕೆಲಸವಾಗಿತ್ತು. ಕಾದೆ. ನಲ್ಲಿಯಲ್ಲಿ ತೊಳೆದುಕೊಳ್ಳುವ ನಿಯಮ ಮಾಡಿದ್ದು ತಾನೇ ಎಂದು ಕೊನೆಗೆ ಹೇಳಿದಳು. ಆಮೇಲೆ ನನ್ನನ್ನು ನೋಡದೆ ಕೇಳಿದಳು.

“ನಮ್ಮನೇಲಿ ಕೆಲಸದವರಿಗೆ ಬೇರೆ ಲೋಟ ಇದೆ ಮ್ಯಾಮ್. ಅದೂ ಇದೇನಾ?”

“ಹೌದು” ಎಂದೆ. “ಅದೂ ಇದೇ.”

ಎಂಪತಿಯಂಥ ಪದ ಯಾವುದೂ ಆಗ ಅವಳ ಬಾಯಿಗೆ ಬರಲಿಲ್ಲ. ನನ್ನಿಂದ ಆ ಮಗು ಏನನ್ನಾದರೂ ಕಲಿತಿದ್ದರೆ ಅದೊಂದು ಗಳಿಗೆಯಲ್ಲಿ ಎಂದು ನನ್ನ ನಂಬಿಕೆ. ಮರುವಾರ ಲೀಡರ್ ಹುಡುಗಿಯ ಅಪ್ಪ ಶಾಲೆಗೆ ಬಂದರು. ಮಗಳು ಮನೆಯಲ್ಲಿ ಲೋಟದ ವಿಚಾರ ಎತ್ತಿ ಅಜ್ಜಿಗೆ ಎದುರು ಮಾತಾಡಿದಳಂತೆ. ಮಕ್ಕಳ ತಲೆ ಕೆಡಿಸುವುದಕ್ಕೆ ಫೀಸು ಕಟ್ಟುತ್ತಿಲ್ಲ ಎಂದು ಪ್ರಿನ್ಸಿಪಾಲರ ಮುಂದೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಅವರೂ ಬಹಳ ನಯವಾಗಿಯೇ ಮಾತಾಡಿದರು.

ತಂಡದವರು ಬಂದರು, ಗೋಡೆಯ ಮೇಲಿನ ಚಾರ್ಟುಗಳನ್ನು ನೋಡಿ ಮೆಚ್ಚಿದರು. ನಮ್ಮದು ಮಾದರಿ ಶಾಲೆಯೆಂದು ಆಯ್ಕೆಯಾಯಿತು. ಕಾರ್ಯದರ್ಶಿಗಳು ಪ್ರೇಮ, ಸಹಬಾಳ್ವೆ ಎಂದು ಭಾಷಣ ಮಾಡಿದರು. ಬೇಸಿಗೆಯ ಹೊತ್ತಿಗೆ, ಮುಂದಿನ ವರ್ಷದಿಂದ ನನ್ನ ಪಿರಿಯಡ್ ಐದನೇ ತರಗತಿಯವರೆಗೆ ಮಾತ್ರ ಎಂದು ತಿಳಿಸಿದರು. ಕೆಲಸದಿಂದ ತೆಗೆಯುವ ಧೈರ್ಯ ಅವರಿಗೆ ಬರಲಿಲ್ಲ, ದೂರಿನ ಮೇಲೆ ನನ್ನ ಸಹಿ ಇತ್ತಲ್ಲ.

ಆಟ ನಿಂತಿತು. ಕಾವಲಿಗೆ ಹೆದರಿ ನಿಂತಿತು, ಆಮೇಲೆ ಮರೆತು ನಿಂತಿತು. ಹುಡುಗಿಯ ಜೊತೆ ಮಾತ್ರ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದರು, ಆದರೆ ಪರೀಕ್ಷೆಯಲ್ಲಿ ಕೂತ ಹಾಗೆ, ಮೈ ಬಿಗಿಹಿಡಿದು. ಅವಳಿಗೆ ಯಾರೂ ಕೀಟಲೆ ಮಾಡುತ್ತಿರಲಿಲ್ಲ, ಯಾರೂ ಅಡ್ಡಹೆಸರು ಇಡುತ್ತಿರಲಿಲ್ಲ. ಎಲ್ಲರೂ ಎಷ್ಟು ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದರೆಂದರೆ ನೋಡಿದರೆ ಮೈ ಉರಿಯುತ್ತಿತ್ತು. ಇದಕ್ಕಿಂತ ಮುಂದಕ್ಕೆ ಹೇಗೆ ಹೋಗಬೇಕೆಂದು ನನಗೆ ಗೊತ್ತಿರಲಿಲ್ಲ.

ವಾರ್ಷಿಕ ಪರೀಕ್ಷೆಗೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಬಾಗಿಲಲ್ಲಿ ಆ ಹುಡುಗಿ, ಅವಳ ಜೊತೆ ಅವಳದೇ ಬೆಂಚಿನ ಇನ್ನೊಬ್ಬ ಹುಡುಗಿ. ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಗಿ ಇಬ್ಬರೂ ಜಡೆ ಹಿಡಿದು ಎಳೆದಾಡಿದ್ದರಂತೆ. ಬಿಡಿಸಲು ಹೋದ ಕ್ಲಾಸ್ ಟೀಚರಿನ ಕನ್ನಡಕವೇ ಕೆಳಗೆ ಬಿದ್ದಿತ್ತು. ಒಬ್ಬಳ ರಿಬ್ಬನ್ ಇನ್ನೊಬ್ಬಳ ಮುಷ್ಟಿಯಲ್ಲಿತ್ತು. ಆ ಹುಡುಗಿಯ ಕೆನ್ನೆಯ ಮೇಲೆ ಉಗುರಿನ ಗೀರು, ಇನ್ನೊಬ್ಬಳ ಮೊಣಕೈಯಲ್ಲಿ ಹಲ್ಲಿನ ಗುರುತು.

ಪ್ರಿನ್ಸಿಪಾಲರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಿದ್ರಾ, ಸಲಿಗೆ ಕೊಟ್ರೆ ಹೀಗೇ” ಎಂದರು. ಯಾರಿಗೆ ಕೊಟ್ಟ ಸಲಿಗೆ ಎಂದು ಕೇಳಲಿಲ್ಲ. ಗೊತ್ತಿತ್ತು, ಮತ್ತು ಕೇಳಿದರೆ ಬರುವ ಉತ್ತರವನ್ನು ಆ ಬೆಳಿಗ್ಗೆ ಕೇಳಲು ನನಗೆ ಇಷ್ಟವಿರಲಿಲ್ಲ.

ಇಬ್ಬರನ್ನೂ ನನ್ನ ಕೋಣೆಗೆ ಕರೆತಂದು ಒಂದೇ ಬೆಂಚಿನ ಮೇಲೆ ಕೂರಿಸಿದೆ. ಕೂದಲು ಕೆದರಿ, ಏದುಸಿರು ಬಿಡುತ್ತ, ಒಬ್ಬಳನ್ನೊಬ್ಬಳು ಕಣ್ಣಲ್ಲೇ ಸುಡುತ್ತ ಕೂತಿದ್ದರು. ಯಾರು ಮೊದಲು ಶುರುಮಾಡಿದ್ದು ಎಂದು ಕೇಳಿದೆ.

“ಅವಳೇ ಮ್ಯಾಮ್ ಮೊದ್ಲು ಎಳ್ದಿದ್ದು” ಎಂದಳು ಇನ್ನೊಬ್ಬಳು. “ಅವಳ ಕೈ ನೋಡಿ ಎಷ್ಟು ಬಿಗಿ ಇದೆ, ಬಿಡ್ತಾನೇ ಇರ್ಲಿಲ್ಲ.”

“ನೀನು ಕಚ್ಚಿಸ್ಕೊಂಡಿದ್ದು ಯಾಕೆ, ಅದ್ನೂ ಹೇಳೇ” ಎಂದಳು ಇವಳು. ಇಷ್ಟು ದೊಡ್ಡ ದನಿ ಅವಳಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಇನ್ನೊಬ್ಬಳು ಕಚ್ಚಿಸಿಕೊಂಡ ಮೊಣಕೈಯನ್ನು ನೋಡಿಕೊಂಡಳು. ಅಲ್ಲಿ ಎಂಜಲು ಇನ್ನೂ ಆರಿರಲಿಲ್ಲ. ಅದನ್ನು ತನ್ನ ಲಂಗಕ್ಕೆ ಒರೆಸಿಕೊಂಡು, ಮತ್ತೆ ಜಗಳಕ್ಕೆ ತಿರುಗಿದಳು. ನಲ್ಲಿಯ ಯೋಚನೆ ಅವಳಿಗೆ ಬರಲೇ ಇಲ್ಲ.

ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ಟೆ. ಒಂದು ವಾರ ಇಬ್ಬರೂ ಅದೇ ಬೆಂಚಿನಲ್ಲಿ, ಕಿಟಕಿ ಪಕ್ಕದ ಜಾಗ ದಿನ ಬಿಟ್ಟು ದಿನ. ಇಬ್ಬರೂ ಒಟ್ಟಿಗೆ, ಇದು ಅನ್ಯಾಯ ಎಂದರು.